ಅಂಗಡಿ ಮೆಟ್ಟಿಲು ಹತ್ತದ ವರ್ಷ

ನಮ್ಮ ಹೊಲದ ಬದುವಿಗೆ ಹತ್ತಿಕೊಂಡೇ ಮಧುಮತಿಯ ಹೊಲ. ನಡುವೆ ಒಂದು ಬನ್ನಿಗಿಡ, ಒಂದು ಸಾಲು ಕಲ್ಲು, ಅಷ್ಟೇ. ಕೊಳಕೂರಿನಲ್ಲಿ ಆಕೆಯ ಬಗ್ಗೆ ಯಾರನ್ನು ಕೇಳಿದರೂ ಮೊದಲು ನಗುತ್ತಾರೆ, ಆಮೇಲೆ ಕತೆ ಹೇಳುತ್ತಾರೆ. ನಗುತ್ತಿದ್ದವರಲ್ಲಿ ನಾನೂ ಒಬ್ಬ, ಅದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ದೊಡ್ಡಪ್ಪ ಮಾಸ್ತರ ನಾನು. ಮಂದಿಯ ತಪ್ಪು ಹುಡುಕುವುದು ನನಗೊಂದು ಚಟ. ಕೆಂಪು ಪೆನ್ನು ಕೆಳಗಿಟ್ಟ ಮೇಲೂ ಅದು ಹೋಗಿಲ್ಲ.

ಮಧುಮತಿ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಪ್ಪತ್ನಾಲ್ಕು ವರ್ಷ ನರ್ಸ್ ಆಗಿದ್ದವಳು. ಈಗ ವಯಸ್ಸು ನಲವತ್ತೆಂಟು. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆ "ನೈಟ್ ಡ್ಯೂಟಿ ಇತ್ರಿ, ಪುರಸೊತ್ತ ಸಿಗಲಿಲ್ಲ" ಎನ್ನುತ್ತಾಳೆ. ಎರಡನೇ ಸಲ ಯಾರೂ ಕೇಳುವುದಿಲ್ಲ. ಕರೋನಾ ಕಾಲದಲ್ಲಿ ಒಮ್ಮೆ ಡ್ಯೂಟಿ ಮುಗಿಸಿ ಬಂದು ಎರಡು ಕಿಲೋ ಹಿಟ್ಟಿಗಾಗಿ ಮೂರು ತಾಸು ಸಾಲಿನಲ್ಲಿ ನಿಂತಳಂತೆ. ಆಕೆಯ ಸರದಿ ಬರುವಷ್ಟರಲ್ಲಿ ಹಿಟ್ಟು ತೀರಿ ಅಂಗಡಿಯವ ಬಾಗಿಲು ಎಳೆದುಕೊಂಡ. ಊರಿಗೆ ಹೋಗುವ ನಿರ್ಧಾರವನ್ನು ಆ ಮುಚ್ಚಿದ ಬಾಗಿಲ ಮುಂದೆ ನಿಂತೇ ಮಾಡಿದೆ ಎನ್ನುತ್ತಾಳೆ.

"ಮಾಸ್ತರ್ರ, ಸಾಯೋ ಮನಷ್ಯಾನ್ನ ಉಳಸಾಕ ಬರ್ತಿತ್ತು ನನಗ. ನನ್ನ ಹೊಟ್ಟಿಗೆ ಒಂದು ರೊಟ್ಟಿ ಹುಟ್ಟಸಾಕ ಬರ್ತಿರ್ಲಿಲ್ಲ. ಇದೆಂಥಾ ಬದುಕ್ರಿ?" ಎಂದು ಒಮ್ಮೆ ನನ್ನನ್ನೇ ಕೇಳಿದಳು. ಪಿಂಚಣಿ ಬಂದ ದಿನವೇ ಜೇವರ್ಗಿಗೆ ಹೋಗಿ ತಿಂಗಳ ಸಾಮಾನು ತರುವವನು ನಾನು. ಕೆಮ್ಮಿದೆ.

ಹೊಲ ಆಕೆಯ ತಂದೆ ಭಗವಂತನದು. ಎರಡೂವರೆ ಎಕರೆ. ಭಗವಂತ ನಮ್ಮೂರ ಕೇರಿಯವನು. ಹದಿನಾರನೇ ವಯಸ್ಸಿಗೆ ಊರು ಬಿಟ್ಟು ಕಲಬುರಗಿಯಲ್ಲಿ ಬಟ್ಟೆ ಗಿರಣಿ ಸೇರಿದ, ಅಲ್ಲೇ ಬುದ್ಧನ ದೀಕ್ಷೆ ತೆಗೆದುಕೊಂಡ. ಗಿರಣಿ ಮುಚ್ಚಿದಾಗ ಕೈಗೆ ಬಂದ ಹಣದಲ್ಲಿ ನಮ್ಮ ಕಾಕಾ ಮಾರಿದ ಮೂಲೆಯ ಹೊಲ ಕೊಂಡ. ಅದೂ ಉಳುವುದಕ್ಕಲ್ಲ, ತನ್ನವ್ವ ಕೂಲಿ ಮಾಡಿದ ಊರಿನ ಪಹಣಿಯಲ್ಲಿ ತನ್ನ ಹೆಸರು ಇರಲಿ ಎಂಬ ಒಂದೇ ಹಟಕ್ಕೆ. ಈಚೆಗೆ ಸೋಲಾರ್ ಕಂಪನಿಯೊಂದು ಆ ಕಡೆಯ ಹೊಲಗಳನ್ನು ಮೂವತ್ತು ವರ್ಷಕ್ಕೆ ಗುತ್ತಿಗೆ ಕೇಳುತ್ತಿತ್ತು. ಭಗವಂತನಿಗೆ ಕೊಡುವ ಮನಸ್ಸು. ಅದೇ ಹೊತ್ತಿಗೆ ಮಗಳು ನೌಕರಿ ಬಿಟ್ಟು, ಆ ಹೊಲದಲ್ಲಿ ಮನೆ ಕಟ್ಟುತ್ತೇನೆ ಎಂದು ಕೂತಳು. ಮೊದಲ ವರ್ಷ ಆಳು ಹಚ್ಚಿ ಒಂದು ಬೆಳೆ ತೆಗೆದದ್ದೂ ಆಯಿತು.

ಏಪ್ರಿಲ್ ಹದಿನಾಲ್ಕರ ಜಯಂತಿಯ ದಿನ, ಮೆರವಣಿಗೆ ಮುಗಿಸಿ ಬಂದವನು ಮಗಳನ್ನು ಎದುರಿಗೆ ಕೂರಿಸಿಕೊಂಡ.

"ಹಳ್ಳಿ ಬಿಡ್ರಿ, ಓದ್ರಿ ಅಂತ ಬಾಬಾಸಾಹೇಬರು ಹೇಳಿದ್ರು. ನಾ ಬಿಟ್ಟೆ, ನಿನಗ ಓದಿಸಿದೆ. ನೀ ತಿರುಗಿ ಅದೇ ಮಣ್ಣಿಗೆ ಹೋಗ್ತಿ ಏನ್ ಬೇ?"

"ಆವಾಗ ಮಣ್ಣು ಅವರದಿತ್ತು ಅಪ್ಪಾ. ಈಗ ನಮ್ಮದೈತಿ."

"ಹಂಗಾರ ಬದುಕಿ ತೋರಸು. ಈ ಜಯಂತಿಯಿಂದ ಮುಂದಿನ ಜಯಂತಿ ತನಕ ಅಂಗಡಿ ಮೆಟ್ಟಲ ಹತ್ತಬ್ಯಾಡ, ರೊಕ್ಕ ಕೊಟ್ಟು ಆಳು ಹಚ್ಚಬ್ಯಾಡ. ಉಪ್ಪು, ಕಡ್ಡಿಪೆಟಗಿ, ಔಷಧ, ಇಷ್ಟಕ್ಕ ಮಾಫಿ. ಗೆದ್ದಿ ಅಂದ್ರ ಹೊಲ ನಿಂದು. ಸೋತಿ ಅಂದ್ರ ಸೋಲಾರಿನವರಿಗೆ ಸಹಿ ಮಾಡ್ತೇನಿ, ನೀ ಸುಮ್ಮ ಬಂದು ಡ್ಯೂಟಿಗೆ ಹತ್ತಬೇಕು."

"ಆತು" ಎಂದಳಂತೆ ಮಧುಮತಿ. ಆಕೆಯ ಮಾತು ಯಾವಾಗಲೂ ಅಷ್ಟೇ ಉದ್ದ.

ಈ ಷರತ್ತಿನ ಸುದ್ದಿ ಊರಿಗೆ ಬಂದು ತಲುಪಲು ಎರಡು ದಿನ ಹಿಡಿಯಲಿಲ್ಲ. ನಾಲ್ಕು ದಿನದ ಚಂದ ಎಂದರು. ಮಳೆಗಾಲ ಬರಲಿ, ಹಾವು ಚೇಳು ಬಂದರೆ ತಾನೇ ಓಡುತ್ತಾಳೆ ಎಂದರು. ಓಡಲಿಲ್ಲ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಒಂದೇ ಕೋಣೆ, ಪಕ್ಕದಲ್ಲಿ ಸೇದುವ ಬಾವಿ, ಎರಡು ಆಡು, ಎಂಟು ಕೋಳಿ. ಹೊಲದ ಒಂದು ಮೂಲೆಯಲ್ಲಿ ಸಜ್ಜೆ, ಹೆಸರು, ಪುಂಡಿ, ಮೆಣಸಿನ ಗಿಡ. ಹಿಂದಿನ ವರ್ಷದ ಕುಸುಬಿಯನ್ನು ಗಾಣ ನಡೆಸುವ ಚಾಂದಬೀ ಹತ್ತಿರ ಒಯ್ದು ಎಣ್ಣೆ ತೆಗೆಸಿಕೊಂಡು, ಕೂಲಿಗೆ ಬದಲಾಗಿ ಹಿಂಡಿಯನ್ನು ಅಲ್ಲೇ ಬಿಟ್ಟು ಬಂದಳು. ಸೀಗೆಕಾಯಿ ಕುಟ್ಟಿಕೊಂಡು ತಲೆ ತೊಳೆಯುತ್ತಿದ್ದಳು. ಚಹಾ ಒಂದನ್ನು ಬಿಡುವುದು ಮಾತ್ರ ಭಾಳ ಕಠಿಣವಾಯಿತು. ಒಂದು ತಿಂಗಳು ಆಕೆಯ ಹತ್ತಿರ ಯಾರೂ ಮಾತಾಡುವಂತಿರಲಿಲ್ಲ ಎಂದು ನನ್ನ ಹೆಂಡತಿ ಸುಮಿತ್ರಾಬಾಯಿ ಹೇಳಿದ್ದಳು. ಊರಿನಲ್ಲಿ ನಗದೆ ಇದ್ದವಳು ಅವಳೊಬ್ಬಳೇ.

ಇನ್ನು ಹಗೇವಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೂ ಬಿಡುವಂತಿಲ್ಲ.

ಆಕೆಯ ಹೊಲದ ಮೇಲ್ದಂಡೆಯಲ್ಲಿ ಗರಸು ನೆಲವಿದೆ. ಅಲ್ಲಿ ನಮ್ಮ ಅಜ್ಜನ ಕಾಲದ ಒಂದು ಹಗೇವು. ನೆಲದೊಳಗೆ ಆಳುದ್ದ ತೋಡಿದ, ಹೊಟ್ಟೆ ದೊಡ್ಡದು ಬಾಯಿ ಸಣ್ಣದು ಇರುವ ಕಣಜ ಅದು. ಗೋಡೆಗುಂಟ ಜೋಳದ ಕಣಿಕೆ ಒತ್ತಿ, ಕಾಳು ತುಂಬಿ, ಬಾಯಿಗೆ ಪರಸಿಕಲ್ಲು ಇಟ್ಟು ಮಣ್ಣು ಮೆತ್ತಿದರೆ ಎರಡು ಮೂರು ವರ್ಷ ಕಾಳಿಗೆ ಹುಳ ಬೀಳುವುದಿಲ್ಲ. ಒಳಗೆ ಗಾಳಿ ಇರುವುದಿಲ್ಲ, ಹುಳ ಬದುಕುವುದಿಲ್ಲ. ಪ್ಲಾಸ್ಟಿಕ್ ಚೀಲ, ಗುಳಿಗೆ ಬಂದ ಮೇಲೆ ಊರಿನಲ್ಲಿ ಹಗೇವು ತುಂಬುವುದು ನಿಂತೇ ಹೋಗಿದೆ. ಮಧುಮತಿ ಅದನ್ನು ಬಳಿದು, ಒಣಗಿಸಿ, ವರ್ಷದ ನಾಲ್ಕು ಚೀಲ ಜೋಳವನ್ನು ಅದರೊಳಗೆ ಸುರಿದಳು. ಬೀಜದ ಜೋಳವನ್ನು ಮಾತ್ರ ಬೂದಿ ಕಲಸಿ ಗಡಿಗೆಯಲ್ಲಿ ಬೇರೆ ಇಟ್ಟಳು.

ಹಗೇವಿಗೆ ಒಂದೇ ಕಾಯಿದೆ. ಬಾಯಿ ತೆಗೆದರೆ ಪೂರ್ತಿ ಖಾಲಿ ಮಾಡಬೇಕು. ಸ್ವಲ್ಪ ತೆಗೆದು ಮತ್ತೆ ಮುಚ್ಚುವ ಮಾತಿಲ್ಲ. ನಮ್ಮೂರಿನಲ್ಲಿ ಅರವತ್ತು ದಾಟಿದ ಯಾರಿಗಾದರೂ ಇದು ಗೊತ್ತು. ಮಧುಮತಿಗೆ ಗೊತ್ತಿರಲಿಲ್ಲ. ಆಕೆ ಆಸ್ಪತ್ರೆಯ ಔಷಧದ ಕಪಾಟಿನಂತೆ ಅದನ್ನು ಬಳಸಿದಳು. ಪ್ರತಿ ಭಾನುವಾರ ಕಲ್ಲು ಸರಿಸುವಳು. ಒಳಗೆ ಕೆಟ್ಟ ಗಾಳಿ ಇರುತ್ತದೆ ಎಂದು ಓದಿದ್ದಳಲ್ಲ, ಅರ್ಧ ದಿನ ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ದೀಪ ಆರಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಒಂದು ವಾರದ ಕಾಳು ತುಂಬಿಕೊಂಡು, ಮತ್ತೆ ಮಣ್ಣು ಮೆತ್ತುವಳು. ಎಷ್ಟು ಜಾಗ್ರತೆ ಮಾಡಿದಳೋ ಅಷ್ಟೂ ಗಾಳಿ ಒಳಗೆ ಹೋಯಿತು. ಜೂನ್ ತಿಂಗಳಿನಿಂದ ಗಾಳಿಯ ಜೊತೆ ಮಳೆಯ ತಂಪೂ ಹೋಯಿತು.

ನಾನು ನಮ್ಮ ಬದುವಿನ ಮೇಲೆ ನಿಂತು ಇದನ್ನು ಎಂಟು ಭಾನುವಾರ ನೋಡಿದೆ. ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ಓದಿದ ಹೆಂಗಸು, ಮಾಸ್ತರನನ್ನು ಬಂದು ಕೇಳಿದರೆ ಏನಾಗುತ್ತದೆ ಎಂಬ ಸೊಕ್ಕು ನನಗೆ. ಕೂಗಿ ಒಂದು ಮಾತು ಹೇಳಲು ಎಷ್ಟು ಉಸಿರು ಬೇಕು?

ಶ್ರಾವಣದ ಒಂದು ಮುಂಜಾನೆ ಕಲ್ಲು ಸರಿಸಿದಾಗ ಹುಳಿ ವಾಸನೆ ಬಡಿಯಿತು. ಮೇಲಿನ ಕಾಳು ಹುಳ ತಿಂದು ಟೊಳ್ಳು, ಗೋಡೆಯ ಕಡೆಯದು ಮುಗ್ಗು ಹಿಡಿದು ಕರಿ ಹೆಂಟೆ. ದಿನವಿಡೀ ಆಕೆ ಒಬ್ಬಳೇ ಇಳಿದು ಹತ್ತಿ ಎಲ್ಲವನ್ನೂ ಹೊರಗೆ ಹಾಕಿ, ತೂರಿ, ಆರಿಸಿದಳು. ತಿನ್ನಲು ಉಳಿದದ್ದು ಒಂದು ತಿಂಗಳಿಗಾಗುವಷ್ಟು. ಹೊಸ ಜೋಳ ಬರಲು ಇನ್ನೂ ಆರು ತಿಂಗಳು.

ಸಂಜೆಗೆ ನಮ್ಮ ಮನೆ ಕಟ್ಟೆಯ ಮುಂದೆ ಬಂದು ನಿಂತಳು. ಮೈಯೆಲ್ಲ ಧೂಳು.

"ಮಾಸ್ತರ್ರ, ಹಗೇವು ವಾರಾ ವಾರಾ ತೆಗೀಬಾರ್ದು ಅಂತ ನಿಮಗ ಗೊತ್ತಿತ್ತೇನ್ರಿ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಒಳಬಾಗಿಲಲ್ಲಿ ಸುಮಿತ್ರಾಬಾಯಿ ನಿಂತಿದ್ದಳು.

"ಗೊತ್ತಿತ್ತು" ಎಂದೆ.

"ಕೇಳ್ದೆ ಇದ್ದದ್ದು ನಂದ ತಪ್ಪು ಬಿಡ್ರಿ" ಎಂದು ಹೊರಟುಹೋದಳು. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಮರುದಿನ ಸುಮಿತ್ರಾಬಾಯಿ ಒಂದು ಚೀಲ ಜೋಳ ಹೊರಿಸಿಕೊಂಡು ಹೋದಳು. ಮಧುಮತಿ ಚೀಲ ಇಳಿಸಲೂ ಬಿಡಲಿಲ್ಲ.

"ಅಕ್ಕಾರ, ನಿಮ್ಮ ಮನಸು ದೊಡ್ಡದು. ಆದ್ರ ನಮ್ಮ ಆಯಿ ಮಲ್ಕಮ್ಮ ನಿಮ್ಮ ಕಣದಾಗ ಸೆರಗು ಒಡ್ಡಿ ನಿಂತಿದ್ಳು. ಆಕಿ ಒಡ್ಡಿದ್ದು ಸಾಕ್ರಿ."

ಭಗವಂತನ ತಾಯಿ ಮಲ್ಕಮ್ಮ ನನಗೂ ನೆನಪಿದ್ದಾಳೆ. ರಾಶಿ ಮುಗಿದ ಮೇಲೆ ಕಣದಲ್ಲಿ ಮಣ್ಣಿನ ಜೊತೆ ಉಳಿದ ಕಾಳನ್ನು ಗುಡಿಸಿ ಆಕೆಗೆ ಹಾಕುತ್ತಿದ್ದರು. ನೀರು ಕೇಳಿದರೆ ನನ್ನವ್ವ ಮೇಲಿನಿಂದ ಆಕೆಯ ಬೊಗಸೆಗೆ ಸುರಿಯುತ್ತಿದ್ದಳು. ಶರಣರಿಗೆ ಎಲ್ಲರೂ ಒಂದೇ ಎಂದು ಬಸವ ಜಯಂತಿಗೆ ಪ್ರತಿ ವರ್ಷ ಭಾಷಣ ಮಾಡಿದವನು ನಾನು. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ.

ವಾರ ಕಳೆಯುವುದರೊಳಗೆ ಸುದ್ದಿ ತಿಳಿದು ಭಗವಂತನೇ ಬಂದ. ಎಪ್ಪತ್ತೈದರ ಮುದುಕ, ಕೊರಳವರೆಗೆ ಗುಂಡಿ ಹಾಕಿದ ಬಿಳಿ ಅಂಗಿ, ಬಸ್ಸಿನಿಂದ ಇಳಿದು ಹೊಲದ ತನಕ ಹೆಗಲ ಮೇಲೆ ಅರ್ಧ ಚೀಲ ಜೋಳ ಹೊತ್ತು ತಂದಿದ್ದ. ಮಗಳು ಸೋಲಲಿ ಎಂದು ಷರತ್ತು ಹಾಕಿದವನು ಮಗಳು ಹಸಿದಾಳೆಂದು ತಾನೇ ಷರತ್ತು ಮುರಿಯಲು ಬಂದಿದ್ದ.

"ಎಲ್ಲಿಂದ ತಂದಿ?" ಮಗಳು ಕೇಳಿದಳು.

"ಜೇವರ್ಗಿ ಅಂಗಡ್ಯಾಗ."

"ಅಂಗಡೀದು ನನಗ ನಡ್ಯಂಗಿಲ್ಲ ಅಪ್ಪಾ."

"ಷರತ್ತು ಹಾಕ್ದಾಂವ ನಾ! ನಾ ಮಾಫಿ ಮಾಡೇನಿ, ತಿನ್ನು!"

"ಹಾಕ್ದಾಂವ ನೀ. ಒಪ್ಪಿದಾಕಿ ನಾ. ಒಯ್ಯಿ ತಿರುಗಿ."

ಮುದುಕನ ಸಿಟ್ಟು ನೆತ್ತಿಗೇರಿತು. ಅವನ ಕೂಗು ನಮ್ಮ ಬಾವಿಯ ತನಕ ಕೇಳಿಸಿತು. "ಈ ಊರಾಗ ಬ್ಯಾರೆಯವರ ಹೊಲದಾಗ ಬಗ್ಗಂಗಿಲ್ಲ ಅಂತ ಆಣಿ ಮಾಡಿ ಹೋದಾಂವ ನಾ! ನನ್ನ ಮಗಳು ಈ ಊರಾಗ ಉಪಾಸ ಸಾಯಬೇಕೇನ?" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಮಗಳು ಅವನನ್ನು ಕೂರಿಸಿ, ಆಡಿನ ಹಾಲು ಕುಡಿಸಿ, ಚೀಲವನ್ನು ತಾನೇ ಹೊತ್ತು ಬಸ್ಸಿನ ತನಕ ಬಿಟ್ಟು ಬಂದಳು.

ಆ ಮೇಲೆ ಆಕೆ ಏನು ತಿಂದಳು ಎಂದು ಊರೆಲ್ಲ ಕೇಳುತ್ತಿತ್ತು. ಹಸಿ ಹೆಸರು ಬೇಯಿಸಿದಳು. ಬದುವಿನಲ್ಲಿ ಹುಟ್ಟಿದ ಸೊಪ್ಪು ತಿಂದಳು. ಸಜ್ಜೆ ಬಂದ ಮೇಲೂ ಎರಡು ಹೊತ್ತಿನ ರೊಟ್ಟಿ ಒಂದೇ ಹೊತ್ತಿಗೆ ಇಳಿದಿತ್ತು. ಕೆನ್ನೆ ಒಳಗೆ ಹೋದವು. ಆದರೆ ಹಿಂಗಾರಿಗೆ ಕಪ್ಪು ನೆಲ ಹದ ಬಂದಾಗ ಗಡಿಗೆಯ ಬೀಜ ತೆಗೆದು, ಮಡಿಲಲ್ಲಿ ಕಟ್ಟಿಕೊಂಡು, ಒಂದೂವರೆ ಎಕರೆಯನ್ನು ಕೈಯಿಂದಲೇ ಸಾಲು ಹಿಡಿದು ಬಿತ್ತಿದಳು. ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನಗಳಲ್ಲಿ ನನ್ನ ನಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಡಿಸೆಂಬರಿನಲ್ಲಿ ನಮ್ಮ ತೊಗರಿ ಕೊಯ್ಲಿಗೆ ಬಂದಿತು. ಆಳು ಸಿಗಲಿಲ್ಲ. ಒಂದು ಮುಂಜಾನೆ ಮಧುಮತಿ ಕುಡುಗೋಲು ಹಿಡಿದು ಬದು ದಾಟಿ ಬಂದಳು. ಆರು ದಿನ ಕೊಯ್ದಳು, ಬುತ್ತಿ ತನ್ನದೇ ತಂದು ಬನ್ನಿಗಿಡದ ಕೆಳಗೆ ಒಬ್ಬಳೇ ಉಂಡಳು. ಆರನೇ ದಿನ ನಾನು ಕೂಲಿ ಕೊಡಲು ಹೋದೆ.

"ಕೂಲಿ ಬ್ಯಾಡ್ರಿ. ಮುಯ್ಯಿ" ಎಂದಳು.

ಮುಯ್ಯಿ ನಮ್ಮ ಕಡೆ ಹಳೆಯ ಪದ್ಧತಿ. ಇಂದು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ದಿನಕ್ಕೆ ದಿನ. ಯಾರ ಹೊಲವೋ ಅವರು ಬುತ್ತಿ ಕೊಡಬೇಕು, ಎಲ್ಲರೂ ಕೂಡಿ ಕೂತು ಉಣ್ಣಬೇಕು. ಸರೀಕರ ನಡುವೆ ನಡೆಯುವ ವ್ಯವಹಾರ ಅದು. ಕೇರಿಯವರನ್ನು ನಮ್ಮೂರಿನಲ್ಲಿ ಯಾರೂ ಮುಯ್ಯಿಗೆ ಕರೆದಿರಲಿಲ್ಲ. ಅವರಿಗೆ ಕೂಲಿ ಇತ್ತು, ಇಲ್ಲವೇ ಕಣದ ಕಸಗಾಳು. ನಾನು ತಲೆ ಆಡಿಸಿ ನಕ್ಕೆ. ತಮಾಷೆ ಇರಬೇಕು ಎಂದುಕೊಂಡೆ.

ತಮಾಷೆಯಾಗಿರಲಿಲ್ಲ. ಫೆಬ್ರುವರಿಯಲ್ಲಿ ಆಕೆಯ ಜೋಳ ಬಲಿತು ಬಿಳಿ ಮುತ್ತಿನಂತೆ ನಿಂತಿತ್ತು. ಅಷ್ಟರಲ್ಲಿ ಪಡುವಣ ಕಡೆ ಮೋಡ ಕಟ್ಟತೊಡಗಿತು. ಅಕಾಲದ ಮಳೆ, ಆಲಿಕಲ್ಲು ಬರಬಹುದು ಎಂದು ಮೊಬೈಲಿನಲ್ಲಿ ಎಲ್ಲರಿಗೂ ಸಂದೇಶ. ಬಲಿತ ಜೋಳದ ಮೇಲೆ ಮಳೆ ಬಿದ್ದರೆ ಕಾಳು ಕಪ್ಪಾಗುತ್ತದೆ. ಒಬ್ಬಳೇ ಕಿತ್ತರೆ ಹತ್ತು ದಿನದ ಮೇಲಾಗುತ್ತದೆ, ಇದ್ದದ್ದು ಎರಡು ಮೂರು ದಿನ. ಈ ಜೋಳವೂ ಹೋದರೆ ಮುಂದೆ ತಿನ್ನಲು ಏನೂ ಇಲ್ಲ, ಜಯಂತಿಯ ತನಕ ತಡೆಯುವ ಮಾತೇ ಇಲ್ಲ.

ಬೆಳಗಾಗುತ್ತಲೇ ನಮ್ಮ ಅಂಗಳಕ್ಕೆ ಬಂದಳು. ನಾನು, ಸುಮಿತ್ರಾಬಾಯಿ, ನಮ್ಮ ತಮ್ಮನ ಮಗ ಮಲ್ಲಣ್ಣ, ಅವನ ಹೆಂಡತಿ ವಿದ್ಯಾವತಿ, ಎಲ್ಲರೂ ಚಹಾ ಕುಡಿಯುತ್ತಿದ್ದೆವು.

"ಮುಯ್ಯಿ ಕೇಳಾಕ ಬಂದೇನ್ರಿ" ಎಂದಳು. ದನಿಯಲ್ಲಿ ಬೇಡಿಕೆ ಇರಲಿಲ್ಲ. ಕೊಟ್ಟದ್ದನ್ನು ತಿರುಗಿ ಕೇಳುವವರ ದನಿ.

ಮಲ್ಲಣ್ಣ ಬಟ್ಟಲು ಕೆಳಗಿಟ್ಟ. "ನಾವು ಅವರ ಹೊಲಕ್ಕ ಆಳಾಗಿ ಹೋಗೋದಾ ಕಾಕಾ? ಮಂದಿ ಏನಂದಾರು?"

ನಾನು ಮಾಸ್ತರ ಅಲ್ಲವೇ, ನಡುವಿನ ದಾರಿ ಹುಡುಕಿದೆ. "ನೋಡಬೇ ಮಧುಮತಿ, ನನ್ನ ಮೊಣಕಾಲು ಬರೋಬರ್ ಇಲ್ಲ. ನನ್ನ ಖರ್ಚಿನಾಗ ಆರು ಆಳು ಕಳಿಸ್ತೇನಿ, ಒಂದ ದಿನದಾಗ ಮುಗಸ್ತಾರ."

"ಮುಯ್ಯಿಗೆ ಮೈ ಬರಬೇಕ್ರಿ ಮಾಸ್ತರ್ರ, ರೊಕ್ಕ ಅಲ್ಲ. ನಿಮ್ಮ ರೊಕ್ಕದ ಆಳು ನನ್ನ ಹೊಲಕ್ಕ ಬಂದ್ರ ನನ್ನ ಷರತ್ತು ಮುರೀತದ. ಮೋಡ ಬಂದ್ರ ಬರ್ಲಿ, ನಾ ಒಬ್ಬಾಕೀನ ಎಷ್ಟು ಆಗ್ತದೋ ಅಷ್ಟು ಕೀಳ್ತೇನಿ."

ತಿರುಗಿದಳು. ಸುಮಿತ್ರಾಬಾಯಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆರು ದಿನ ಆಕಿ ಬೆನ್ನು ಬಗ್ಗಿಸಿದ್ದು ನಾ ಕಣ್ಣಾರೆ ನೋಡೇನಿ. ಋಣಾ ಇಟ್ಕೊಂಡು ಸಾಯಂಗಿಲ್ಲ ನಾ. ಬರೋರು ಬರ್ರಿ, ಮೊಣಕಾಲು ನೋವು ಇದ್ದೋರು ಮನ್ಯಾಗ ಕುಂಡ್ರ್ರಿ" ಎಂದು ಹೊರಟೇಬಿಟ್ಟಳು. ಹಿಂದೆ ವಿದ್ಯಾವತಿ. ಸ್ವಲ್ಪ ಹೊತ್ತಿಗೆ ಬೈದುಕೊಳ್ಳುತ್ತ ಮಲ್ಲಣ್ಣ. ಕೊನೆಗೆ ನಾನು.

ಜೋಳವನ್ನು ನಮ್ಮ ಕಡೆ ಬೇರು ಸಮೇತ ಕೀಳುತ್ತಾರೆ. ಎರಡೂ ಕೈಯಲ್ಲಿ ದಂಟು ಹಿಡಿದು, ಮೈ ಹಿಂದಕ್ಕೆ ಒಗೆದು ಎಳೆಯಬೇಕು. ಅರ್ಧ ತಾಸಿಗೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಮಧುಮತಿ ಮುಂದಿನ ಸಾಲಿನಲ್ಲಿ ಹಿಂತಿರುಗಿ ನೋಡದೆ ಎಳೆಯುತ್ತಿದ್ದಳು.

ಎರಡನೇ ದಿನ ನಡುಹೊತ್ತಿಗೆ ಮೋಡದ ಸುದ್ದಿ ಕೇಳಿ ಭಗವಂತ ಬಂದ. ಬದುವಿನ ಆಚೆಯಿಂದಲೇ ಹೊಲದಲ್ಲಿ ಬಗ್ಗಿದ ಬೆನ್ನುಗಳನ್ನು ಕಂಡು ಕೂಗಿದ: "ಆಳು ಹಚ್ಚಿದೇನ್ ಬೇ? ಮುರದೇಬಿಟ್ಟಿ ಷರತ್ತು?" ನಾನು ಸೊಂಟ ಹಿಡಿದು ಎದ್ದು ನಿಂತೆ. ನನ್ನ ಪಕ್ಕದಲ್ಲಿ ಸುಮಿತ್ರಾಬಾಯಿ ಎದ್ದಳು. ಭಗವಂತ ನಮ್ಮನ್ನು ನೋಡುತ್ತ ಬದುವಿನ ಮೇಲೆ ಹಾಗೇ ನಿಂತುಬಿಟ್ಟ.

"ಆಳು ಅಲ್ಲಪ್ಪಾ. ಮುಯ್ಯಿ" ಎಂದಳು ಮಗಳು.

ಊಟಕ್ಕೆ ಆಕೆಯ ಕೋಣೆಯ ಮುಂದೆ ಎಲ್ಲರೂ ಸುತ್ತ ಕೂತೆವು. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆ. ಹಿಂದಿನ ದಿನ ಮಲ್ಲಣ್ಣ ಉಪವಾಸ ಎಂದು ಹೇಳಿ ತಪ್ಪಿಸಿಕೊಂಡಿದ್ದ. ಇಂದು ಹಸಿವು ತಾಳದೆ ಮೂರು ರೊಟ್ಟಿ ತಿಂದ. ನಾನೂ ತಿಂದೆ, ಆಕೆಯ ತಂಬಿಗೆಯ ನೀರು ಕುಡಿದೆ. ಇದೇನು ದೊಡ್ಡ ಸಾಧನೆಯಲ್ಲ. ಬದುವಿನ ಆಚೆಗಿನ ಒಂದು ರೊಟ್ಟಿಯ ತನಕ ಬರಲು ನನಗೆ ಅರವತ್ತಾರು ವರ್ಷ ಹಿಡಿಯಿತಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಕೊನೆಯ ಸಾಲೂ ಮಲಗಿತು. ತಾಡಪತ್ರಿ ಹೊದಿಸಿ ಕಲ್ಲು ಹೇರಿದೆವು. ಭಗವಂತ ಬೆರಳು ಮಡಿಸಿ ಎಣಿಸುತ್ತಿದ್ದ.

"ಮಗಳು ನಿಮ್ಮಲ್ಲಿ ಆರು ದಿನ. ನೀವು ನಾಕು ಮಂದಿ, ಎರಡೆರಡು ದಿನ. ಎಂಟಾತು. ಎರಡು ದಿನ ನಾವು ಕೊಡೋದೈತ್ರಿ ಮಾಸ್ತರ್ರ."

"ಇರ್ಲಿ ಬಿಡು ಭಗವಂತಣ್ಣ, ಅದೇನು ದೊಡ್ಡದು" ಎಂದೆ. ಅವನನ್ನು ಅಣ್ಣ ಎಂದು ಕರೆದದ್ದು ಅದೇ ಮೊದಲು.

"ಇರ್ಲಿ ಬಿಡು ಅನ್ನೋದು ದಾನ ಮಾಡೋರ ಮಾತ್ರಿ. ಮುಯ್ಯಿ ಅಂದ್ರ ಮುಯ್ಯಿ. ನಿಮ್ಮ ಕಡ್ಲಿ ಯಾವಾಗ ಕೀಳ್ತೀರಿ?"

"ಬೇಸ್ತವಾರ."

"ಆಕಿ ತೆನಿ ಮುರೀಬೇಕು. ಎರಡೂ ದಿನ ನಾ ಬರ್ತೇನಿ."

ಮಧುಮತಿ ಕೈಯಲ್ಲಿದ್ದ ಹಗ್ಗ ಬಿಟ್ಟಳು. "ಅಪ್ಪಾ, ನೀ ಆಣಿ ಮಾಡಿದ್ದಿ. ಬ್ಯಾರೆಯವರ ಹೊಲದಾಗ ಬಗ್ಗಂಗಿಲ್ಲ ಅಂತ."

"ಆಳಾಗಿ ಬಗ್ಗಂಗಿಲ್ಲ ಅಂತ ಮಾಡಿದ್ದೆ ಬೇ. ಸರೀಕ ಆಗಿ ಬಗ್ಗಂಗಿಲ್ಲ ಅಂತ ಮಾಡಿದ್ದಿಲ್ಲ. ಆವಾಗ ಹಂಗ ಕರಿಯೋರ ಇರ್ಲಿಲ್ಲ." ಆಕೆ ಬಿಟ್ಟ ಹಗ್ಗ ಎತ್ತಿ ಬಿಗಿಯುತ್ತ ಮತ್ತೆ ಹೇಳಿದ: "ಸೋಲಾರಿನವರಿಗೆ ಬ್ಯಾಡ ಅಂತ ಹೇ‍ಳ್ತೇನಿ. ಹೊಲ ನಿಂದು."

"ಜಯಂತಿಗೆ ಇನ್ನ ಎರಡು ತಿಂಗಳೈತಿ. ಮುಗಿಸೇ ತಗೋತೇನಿ."

ಮುಗಿಸಿದಳು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಏಪ್ರಿಲ್ ಹದಿನಾಲ್ಕರ ತನಕ ಒಂದು ದಿನವೂ ಅಂಗಡಿಯ ಕಡೆ ಮುಖ ಹಾಕಲಿಲ್ಲ. ಅದು ದಾಟಿದ ಮೇಲೂ ಹಾಕಿಲ್ಲ.

ಬೇಸ್ತವಾರ ಕಡಲೆಯ ಗಿಡದ ಮೇಲೆ ಇಬ್ಬನಿ ಆರುವ ಮೊದಲೇ ಭಗವಂತ ನಮ್ಮ ಹೊಲದಲ್ಲಿದ್ದ. ಬಿಳಿ ಅಂಗಿ ಕಳಚಿ ಮಡಿಸಿ ಗಿಡದ ಟೊಂಗೆಗೆ ಹಾಕಿದ. "ಯಾವ ಸಾಲು ನಂದ್ರಿ?" ಎಂದ. ನನ್ನ ಪಕ್ಕದ ಸಾಲು ತೋರಿಸಿದೆ. ಐವತ್ತೊಂಬತ್ತು ವರ್ಷದ ಮೇಲೆ ಈ ಊರಿನ ಇನ್ನೊಬ್ಬರ ಹೊಲದಲ್ಲಿ ಅವನು ಬಗ್ಗಿದ. ಬಿಸಿಲೇರುವ ಹೊತ್ತಿಗೆ ನನಗಿಂತ ಅರ್ಧ ಸಾಲು ಮುಂದಿದ್ದ. "ಬರ್ರಿ ಮಾಸ್ತರ್ರ, ಲಗೂನ" ಎಂದು ಹಿಂತಿರುಗಿ ನೋಡದೆಯೇ ಕೂಗಿದ.